ನಲ್ಲಿ ತಿರುಗಿಸಿದ ಮಾತ್ರಕ್ಕೆ ಚಿತ್ರ ಉಳಿಯದು

ಕಪ್ಪು–ಬಿಳುಪು ಪ್ರಿಂಟ್ ಮಾಡುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರು ಬಿಟ್ಟಿದೆ. ಫಿಕ್ಸರ್‌ನಿಂದ ತೆಗೆದ ಪ್ರಿಂಟನ್ನು ಹರಿಯುವ ನೀರಿನಲ್ಲಿ ಇಡಬೇಕು, ಎಷ್ಟು ಹೊತ್ತು ಇಟ್ಟರೆ ಅಷ್ಟು ಕ್ಷೇಮ, ಒಂದು ಗಂಟೆ ಇಟ್ಟರೆ ಆ ಚಿತ್ರಕ್ಕೆ ಸಾವಿಲ್ಲ. ಸ್ಟುಡಿಯೋ ಕಾಲದ ಹಿರಿಯರು ಇದನ್ನೇ ಹೇಳಿಕೊಟ್ಟರು. ಇವತ್ತು ಫಿಲ್ಮ್ ಮತ್ತೆ ಕೈಗೆತ್ತಿಕೊಂಡ ಹುಡುಗ ಹುಡುಗಿಯರಿಗೆ ಶಿಬಿರಗಳಲ್ಲಿ ಕಲಿಸುವುದೂ ಇದನ್ನೇ. ಡೆವಲಪರ್ ಎಷ್ಟು ಡಿಗ್ರಿ ಇರಬೇಕು, ಎಕ್ಸ್‌ಪೋಷರ್ ಎಷ್ಟು ಸೆಕೆಂಡ್ ಎಂದು ಕೂದಲು ಸೀಳುವವರು ಕೊನೆಯ ಹಂತಕ್ಕೆ ಬಂದಾಗ ಟ್ರೇಯನ್ನು ಸಿಂಕಿನಲ್ಲಿಟ್ಟು, ನಲ್ಲಿ ತಿರುಗಿಸಿ, ಚಹಾ ಕುಡಿಯಲು ಹೊರಗೆ ಹೋಗುತ್ತಾರೆ.

ಈ ಪಾಠ ಬುಡದಲ್ಲೇ ತಪ್ಪು. ಪ್ರಿಂಟಿನ ಆಯುಸ್ಸು ತೀರ್ಮಾನವಾಗುವುದು ಫಿಕ್ಸರ್ ಟ್ರೇಯಲ್ಲಿ. ಅಲ್ಲಿ ಕೆಟ್ಟ ಕೆಲಸವನ್ನು ಯಾವ ನದಿಯ ನೀರೂ ಸರಿಪಡಿಸಲಾರದು. ಅಲ್ಲಿ ಸರಿಯಾಗಿ ಆದ ಕೆಲಸಕ್ಕೆ ಗಂಟೆಗಟ್ಟಲೆ ಹರಿಯುವ ನೀರು ಬೇಕಾಗಿಲ್ಲ. ನಲ್ಲಿಯ ಮೇಲಿನ ಈ ಅತಿನಂಬಿಕೆಯಿಂದ ನಾವು ನೀರನ್ನೂ ಕಳೆದುಕೊಳ್ಳುತ್ತಿದ್ದೇವೆ, ಚಿತ್ರಗಳನ್ನೂ ಕಳೆದುಕೊಳ್ಳುತ್ತಿದ್ದೇವೆ. ಎರಡನೆಯ ನಷ್ಟ ತಕ್ಷಣ ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ.

ಫಿಕ್ಸರ್ ಏನು ಮಾಡುತ್ತದೆ ಎಂಬುದರಿಂದಲೇ ಶುರುಮಾಡೋಣ. ಡೆವಲಪರ್‌ನಿಂದ ಹೊರಬಂದ ಕಾಗದದಲ್ಲಿ ಚಿತ್ರವಾಗಿ ನಿಂತ ಬೆಳ್ಳಿಯ ಜೊತೆಗೆ, ಬೆಳಕು ಬೀಳದೆ ಉಳಿದ ಬೆಳ್ಳಿಯ ಲವಣಗಳೂ ಇರುತ್ತವೆ. ಅವನ್ನು ಹಾಗೇ ಬಿಟ್ಟರೆ ಬೆಳಕಿಗೆ ಬಂದಂತೆ ಕಪ್ಪಾಗುತ್ತವೆ. ಹೈಪೋ, ಅಂದರೆ ಥಯೋಸಲ್ಫೇಟ್, ಆ ಲವಣಗಳನ್ನು ಕರಗಿಸುತ್ತದೆ ಎಂಬುದನ್ನು ವಿಜ್ಞಾನಿ ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದ. ಆಗ ಫೋಟೋಗ್ರಫಿಯೇ ಇನ್ನೂ ಹುಟ್ಟಿರಲಿಲ್ಲ. 1839ರಲ್ಲಿ, ಕಾಗದದ ಮೇಲೆ ಚಿತ್ರ ಮೂಡಿಸುತ್ತಿದ್ದ ಟಾಲ್ಬಟ್‌ನಿಗೆ ಅವನು ಇದನ್ನು ತಿಳಿಸಿದ ಮೇಲೆ ಕಾಗದದ ಮೇಲಿನ ಚಿತ್ರ ನಿಲ್ಲುವಂತಾಯಿತು. ಇಂದಿಗೂ ನಮ್ಮ ಟ್ರೇಯಲ್ಲಿರುವುದು ಅದೇ ಥಯೋಸಲ್ಫೇಟ್. ಹಳೆಯ ಹರಳು ಹೈಪೋದಲ್ಲಿ ಅದು ಸೋಡಿಯಂ ಜೊತೆಗಿದೆ, ಇವತ್ತಿನ ರ‍್ಯಾಪಿಡ್ ಫಿಕ್ಸರ್‌ನಲ್ಲಿ ಅಮೋನಿಯಂ ಜೊತೆಗಿದೆ.

ಕರಗಿಸುವುದು ಎಂದರೆ ಮಾಯ ಮಾಡುವುದಲ್ಲ. ಬೆಳ್ಳಿಯೂ ಥಯೋಸಲ್ಫೇಟೂ ಸೇರಿ ಹೊಸ ಸಂಯುಕ್ತಗಳಾಗುತ್ತವೆ. ಫಿಕ್ಸರ್ ತಾಜಾ ಇದ್ದು ಥಯೋಸಲ್ಫೇಟ್ ಧಾರಾಳವಾಗಿದ್ದರೆ ಆ ಸಂಯುಕ್ತಗಳು ನೀರಿನಲ್ಲಿ ಸುಲಭವಾಗಿ ಕರಗುವ ರೂಪಕ್ಕೆ ಬರುತ್ತವೆ, ತೊಳೆದರೆ ಹೋಗುತ್ತವೆ. ಅದೇ ಫಿಕ್ಸರಿನಲ್ಲಿ ಪ್ರಿಂಟ್ ಮೇಲೆ ಪ್ರಿಂಟ್ ಅದ್ದುತ್ತ ಹೋದ ಹಾಗೆ ಬೆಳ್ಳಿ ತುಂಬಿಕೊಳ್ಳುತ್ತದೆ, ಥಯೋಸಲ್ಫೇಟ್ ಸಾಲದೆ ಬರುತ್ತದೆ. ಆಗ ಹುಟ್ಟುವ ಸಂಯುಕ್ತಗಳು ಸುಲಭವಾಗಿ ಕರಗುವುದಿಲ್ಲ. ಅವು ಕಾಗದದ ನಾರಿಗೆ ಅಂಟಿ ಕೂರುತ್ತವೆ. ಒಂದು ಗಂಟೆಯಲ್ಲ, ಇಡೀ ರಾತ್ರಿ ನೀರು ಹರಿಸಿದರೂ ಅಲ್ಲೇ ಇರುತ್ತವೆ. ವರ್ಷಗಳು ಕಳೆದ ಮೇಲೆ ಅವು ಒಡೆದು ಬೆಳ್ಳಿಯ ಸಲ್ಫೈಡ್ ಆಗುತ್ತವೆ. ಅಜ್ಜಿಯ ಬಿಳಿ ಸೀರೆ, ಮದುವೆ ಚಪ್ಪರದ ಮೇಲಿನ ಖಾಲಿ ಆಕಾಶ ಎಲ್ಲವೂ ಹಳದಿ–ಕಂದು ಕಲೆಯಾಗಿ ತಿರುಗುವುದು ಹೀಗೆ.

ಹಾಗಾಗಿ ಪ್ರಿಂಟಿನಲ್ಲಿ ಉಳಿಯುವ ಶತ್ರು ಒಂದಲ್ಲ, ಎರಡು. ಒಂದು, ಉಳಿದ ಥಯೋಸಲ್ಫೇಟ್. ಇದು ತೇವದ ಹವೆಯಲ್ಲಿ ನಿಧಾನವಾಗಿ ಒಡೆದು, ಚಿತ್ರದ ಬೆಳ್ಳಿಯನ್ನೇ ತಿಂದು ಮಸುಕು ಮಾಡುತ್ತದೆ. ಇದನ್ನು ನೀರು ತೆಗೆಯಬಲ್ಲದು. ಇನ್ನೊಂದು, ಉಳಿದ ಬೆಳ್ಳಿಯ ಸಂಯುಕ್ತ. ಇದನ್ನು ತೆಗೆಯಬಲ್ಲದ್ದು ತಾಜಾ ಫಿಕ್ಸರ್ ಮಾತ್ರ. ನಲ್ಲಿಯನ್ನು ನಂಬಿದವರು ಮೊದಲನೆಯದರ ಜೊತೆ ಗುದ್ದಾಡುತ್ತ ಎರಡನೆಯದನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ.

ಇದು ಯಾಕೆ ಯಾರ ಗಮನಕ್ಕೂ ಬರುವುದಿಲ್ಲ? ಫಿಲ್ಮ್ ಆದರೆ ಕಣ್ಣಿಗೆ ಕಾಣುತ್ತದೆ. ಫಿಕ್ಸರಿನಲ್ಲಿ ಅದ್ದಿದ ಫಿಲ್ಮಿನ ಹಾಲಿನಂಥ ಮಬ್ಬು ಹೋಗಿ ಪಾರದರ್ಶಕವಾಗುತ್ತದೆ. ಅದಕ್ಕೆ ಹಿಡಿದ ಸಮಯ ಉದ್ದವಾಯಿತೆಂದರೆ ಫಿಕ್ಸರ್ ಸುಸ್ತಾಗಿದೆ ಎಂದು ಗೊತ್ತಾಗುತ್ತದೆ. ಕಾಗದ ಮೊದಲೂ ಬಿಳಿ, ಆಮೇಲೂ ಬಿಳಿ. ಸತ್ತ ಫಿಕ್ಸರಿನಿಂದ ಎದ್ದ ಪ್ರಿಂಟೂ ತಾಜಾ ಫಿಕ್ಸರಿನಿಂದ ಎದ್ದ ಪ್ರಿಂಟೂ ಅಂದಿನ ದಿನ ಅಕ್ಕಪಕ್ಕ ಇಟ್ಟರೆ ಅವಳಿ ಜವಳಿ. ಕಣ್ಣಿಗೆ ಕಾಣದ ಕಡೆ ಮನುಷ್ಯನಿಗೆ ಏನಾದರೊಂದು ಧೈರ್ಯ ಬೇಕು. ಆ ಧೈರ್ಯವನ್ನು ನಲ್ಲಿಯ ಸದ್ದು ಕೊಡುತ್ತಿದೆ.

ಶಿಬಿರಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದೇ ದೃಶ್ಯ. ಶನಿವಾರ ಬೆಳಿಗ್ಗೆ ಕಲಸಿದ ಒಂದು ಲೀಟರ್ ಫಿಕ್ಸರ್ ಭಾನುವಾರ ಸಂಜೆಯವರೆಗೆ ಎಲ್ಲರ ಪ್ರಿಂಟುಗಳನ್ನೂ ಹೊರುತ್ತದೆ. ಎಷ್ಟು ಪ್ರಿಂಟ್ ಅದರಲ್ಲಿ ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. ಇಲ್‌ಫೋರ್ಡ್ ಕಂಪನಿ ತನ್ನ ಫಿಕ್ಸರಿಗೆ ಕೊಟ್ಟಿರುವ ಲೆಕ್ಕ ಹೀಗಿದೆ: ಸಾಧಾರಣ ಕೆಲಸಕ್ಕೆ ಒಂದು ಲೀಟರಿನಲ್ಲಿ 8x10 ಇಂಚಿನ ಫೈಬರ್ (ಪ್ಲಾಸ್ಟಿಕ್ ಪದರವಿಲ್ಲದ ಕಾಗದದ) ಪ್ರಿಂಟ್ 40. ಆ ಹೊತ್ತಿಗೆ ಲೀಟರಿಗೆ 2 ಗ್ರಾಂ ಬೆಳ್ಳಿ ಸೇರಿರುತ್ತದೆ. ಬಹುಕಾಲ ಬಾಳಬೇಕಾದ ಪ್ರಿಂಟಾದರೆ ಬೆಳ್ಳಿ ಅರ್ಧ ಗ್ರಾಂ ದಾಟಬಾರದು, ಅಂದರೆ ಹತ್ತೇ ಪ್ರಿಂಟ್. ಹತ್ತಕ್ಕೂ ನಲವತ್ತಕ್ಕೂ ಇರುವ ಈ ಅಂತರದಲ್ಲೇ ನಮ್ಮ ಬಹುಪಾಲು ಚಿತ್ರಗಳ ಭವಿಷ್ಯ ಸಿಕ್ಕಿಕೊಂಡಿದೆ. ಅದರ ಬಗ್ಗೆ ಒಂದು ಮಾತಿಲ್ಲ, ತೊಳೆಯುವ ಹೊತ್ತಿನ ಬಗ್ಗೆ ಮಾತ್ರ ದೊಡ್ಡ ದೊಡ್ಡ ಚರ್ಚೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಇದೆಯೆಂಬುದು ಎಕ್ಸ್‌ರೇ ಲ್ಯಾಬುಗಳಿಂದ ಹಳೆಯ ಹೈಪೋ ಕೊಂಡು ಬೆಳ್ಳಿ ತೆಗೆದು ಮಾರುವವರಿಗೆ ಚೆನ್ನಾಗಿ ಗೊತ್ತು. ಪ್ರಿಂಟ್ ಮಾಡುವವರು ಮಾತ್ರ ಅದನ್ನು ನೆನಪಿಡುವುದಿಲ್ಲ.

ಪರಿಹಾರ ಹೊಸದೇನಲ್ಲ. ಎರಡು ಟ್ರೇ ಫಿಕ್ಸರ್ ಇಡುವುದು ಹಳೆಯ ಪುಸ್ತಕಗಳಲ್ಲೇ ಇದೆ. ಮೊದಲ ಟ್ರೇ ಬೆಳ್ಳಿಯ ಬಹುಪಾಲನ್ನು ತೆಗೆದುಕೊಳ್ಳುತ್ತದೆ, ಎರಡನೆಯದು ಹೆಚ್ಚುಕಡಿಮೆ ತಾಜಾ ಆಗಿಯೇ ಉಳಿದು, ಸರಿಯಾಗಿ ಕರಗದ ಸಂಯುಕ್ತಗಳನ್ನು ಕರಗುವ ರೂಪಕ್ಕೆ ತರುತ್ತದೆ. ಮೊದಲನೆಯದರ ಶಕ್ತಿ ಮುಗಿದಾಗ ಅದನ್ನು ತೆಗೆದು, ಎರಡನೆಯದನ್ನು ಅದರ ಜಾಗಕ್ಕೆ ಸರಿಸಿ, ಹೊಸದನ್ನು ಹಿಂದೆ ಇಡುವುದು. ಕೆಲವು ಸಲ ಹೀಗೆ ಸರಿಸಿದ ಮೇಲೆ ಎರಡನ್ನೂ ಬದಲಿಸುವುದು. ಗೋಡೆಗೊಂದು ಹಾಳೆ ಅಂಟಿಸಿ ಪ್ರಿಂಟಿಗೊಂದು ಗೀಟು ಹಾಕುತ್ತ ಹೋದರೆ ಲೆಕ್ಕ ತಪ್ಪುವುದಿಲ್ಲ. ಇಷ್ಟು ಮಾಡಲು ವಿಜ್ಞಾನಿಯಾಗಬೇಕಿಲ್ಲ.

ಈಗ ನೀರಿನ ವಿಷಯಕ್ಕೆ ಬರೋಣ. ಥಯೋಸಲ್ಫೇಟ್ ಇರುವುದು ಪ್ರಿಂಟಿನ ಮೈಮೇಲಲ್ಲ, ಒಳಗೆ. ಜೆಲಟಿನ್ ಪದರದಲ್ಲಿ, ಅದರ ಕೆಳಗಿನ ಬೆರೈಟಾ ಪದರದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಗದದ ನಾರಿನಲ್ಲಿ. ಒಳಗಿರುವುದು ಹೊರಬರಬೇಕಾದರೆ ತಾನಾಗಿ ಪಸರಿಸಿಕೊಂಡು ಬರಬೇಕು. ಒಳಗೆ ಸಾಂದ್ರತೆ ಹೆಚ್ಚು, ಹೊರಗೆ ಕಡಿಮೆ, ಆ ವ್ಯತ್ಯಾಸವೇ ಅದನ್ನು ಹೊರಗೆ ಎಳೆಯುವ ಬಲ. ಪ್ರಿಂಟಿಗೆ ತಾಗಿದ ನೀರು ಶುದ್ಧವಾಗಿದ್ದರೆ ಸಾಕು. ಅದಕ್ಕಿಂತ ರಭಸವಾಗಿ ನೀರು ಹರಿಸಿದರೆ ಒಳಗಿನ ಪಸರಿಕೆ ಒಂದಿಷ್ಟೂ ಬೇಗ ಆಗುವುದಿಲ್ಲ. ಕರಾವಳಿಯ ಮನೆಗಳಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ಪಲ್ಯಕ್ಕೆ ತೆಗೆಯುವಾಗ ಯಾರೂ ನಲ್ಲಿಯ ಕೆಳಗೆ ಹಿಡಿದು ನಿಲ್ಲುವುದಿಲ್ಲ. ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ನೆನೆಹಾಕಿ ಉಪ್ಪು ಬಿಡಿಸುತ್ತಾರೆ. ಪ್ರಿಂಟಿಗೂ ಬೇಕಾದ್ದು ಅದೇ: ನೆನೆಯಲು ಹೊತ್ತು, ಆಮೇಲೆ ನೀರಿನ ಬದಲಾವಣೆ.

ಲೆಕ್ಕ ಹಾಕಿ ನೋಡಿ. ಒಂದು ಪ್ರಿಂಟ್ ತನ್ನೊಡನೆ 20 ಮಿಲಿಲೀಟರ್ ದ್ರವ ಹೊತ್ತು ತರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ನೀರಿನಲ್ಲಿ ಅದನ್ನು ಚೆನ್ನಾಗಿ ನೆನೆಸಿದರೆ ಹೈಪೋ ಸುಮಾರು ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರು ಬದಲಿಸಿ ಎರಡನೆಯ ಸಲ ನೆನೆಸಿದರೆ 2,500ರಲ್ಲಿ ಒಂದು ಪಾಲು. ಮೂರನೆಯ ಸಲಕ್ಕೆ 1,25,000ರಲ್ಲಿ ಒಂದು ಪಾಲು. ಮೂರು ಲೀಟರ್ ನೀರು ಮಾತ್ರ ಖರ್ಚಾಗಿದೆ. ನಿಜದಲ್ಲಿ ಇಷ್ಟು ಸಲೀಸಲ್ಲ. ಕಾಗದದ ನಾರು ಥಯೋಸಲ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೊನೆಯ ಚೂರು ಬಲು ನಿಧಾನವಾಗಿ ಬಿಡುತ್ತದೆ. ಅದಕ್ಕೇ ಇನ್ನೂ ಎರಡು ಮೂರು ಸಲ ಬದಲಿಸುವುದು, ಪ್ರತಿ ಸಲವೂ ಐದು ಹತ್ತು ನಿಮಿಷ ಕಾಯುವುದು. ಆದರೂ ಹತ್ತು ಲೀಟರ್ ದಾಟುವುದಿಲ್ಲ. ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿ ಒಂದು ಗಂಟೆಯಲ್ಲಿ 360 ಲೀಟರ್ ಸುರಿಯುತ್ತದೆ.

ಅಷ್ಟು ಸುರಿದ ಮೇಲೂ ಟ್ರೇಯೊಳಗೆ ಆಗುತ್ತಿರುವುದೇನು? ಏಳೆಂಟು ಪ್ರಿಂಟ್‌ಗಳು ಒಂದರ ಮೇಲೊಂದು ಅಂಟಿಕೊಂಡು ಮಲಗಿರುತ್ತವೆ. ನೀರು ಮೇಲಿನದರ ಬೆನ್ನು ಸವರಿಕೊಂಡು ಅಂಚಿನಿಂದ ಹೊರಗೆ ಚೆಲ್ಲುತ್ತದೆ. ನಡುವಿನವು ತಮ್ಮ ತಮ್ಮ ಹೈಪೋದಲ್ಲೇ ನೆನೆಯುತ್ತಿರುತ್ತವೆ. ಇದರ ಮೇಲೆ, ಮುಕ್ಕಾಲು ಗಂಟೆ ತೊಳೆದ ಪ್ರಿಂಟ್‌ಗಳ ನಡುವೆ ಯಾರೋ ಬಂದು ಫಿಕ್ಸರ್ ತೊಟ್ಟಿಕ್ಕುವ ಹೊಸ ಪ್ರಿಂಟನ್ನು ಹಾಕುತ್ತಾರೆ. ಆ ಕ್ಷಣದಿಂದ ಎಲ್ಲವೂ ಮತ್ತೆ ಮೊದಲಿನಿಂದ. ಗಡಿಯಾರ ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಪ್ರಿಂಟ್‌ಗಳನ್ನು ಬಿಡಿಬಿಡಿಯಾಗಿಸುವುದು, ಕೆಳಗಿನದನ್ನು ಮೇಲಕ್ಕೆ ತರುತ್ತ ಅಡಿಮೇಲು ಮಾಡುವುದು, ಹೊಸದನ್ನು ಬೇರೆ ಟ್ರೇಯಲ್ಲಿ ಇಡುವುದು, ಇವು ನಲ್ಲಿಯ ರಭಸಕ್ಕಿಂತ ಹತ್ತು ಪಾಲು ಮುಖ್ಯ.

ಹೈಪೋ ನೀರಿಗಿಂತ ಭಾರ, ಆದ್ದರಿಂದ ತಳಕ್ಕೆ ಇಳಿದು ಕೂರುತ್ತದೆ, ತಳದಿಂದಲೇ ನೀರು ಎಳೆಯಬೇಕು ಎನ್ನುವ ಮಾತೂ ಚಾಲ್ತಿಯಲ್ಲಿದೆ. ಸಾಂದ್ರ ದ್ರಾವಣ ನೀರಿಗಿಂತ ಭಾರ, ನಿಜ. ಆದರೆ ಒಮ್ಮೆ ನೀರಿನಲ್ಲಿ ಬೆರೆತ ಲವಣ ಮತ್ತೆ ಬೇರ್ಪಟ್ಟು ತಳ ಸೇರುವುದಿಲ್ಲ. ಸಮುದ್ರದ ಉಪ್ಪೆಲ್ಲ ತಳದಲ್ಲಿ ಕೂತಿಲ್ಲ.

ಸಮುದ್ರದ ಮಾತು ಬಂತು. ಈ ಇಡೀ ವಾದಕ್ಕೆ ಅತಿ ದೊಡ್ಡ ಸಾಕ್ಷಿ ಅಲ್ಲಿಂದಲೇ ಬಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳಲ್ಲಿ ಸಿಹಿನೀರಿಗೆ ಬರ. ಫೋಟೋಗಳನ್ನು ಸಮುದ್ರದ ನೀರಿನಲ್ಲೇ ತೊಳೆದು ನೋಡಿದಾಗ ಅಚ್ಚರಿ ಕಾದಿತ್ತು: ಉಪ್ಪುನೀರು ಹೈಪೋವನ್ನು ಸಿಹಿನೀರಿಗಿಂತ ಬೇಗ ಬಿಡಿಸುತ್ತಿತ್ತು. ಕೊನೆಗೊಮ್ಮೆ ಸಿಹಿನೀರಿನಲ್ಲಿ ಉಪ್ಪು ಕಳೆದರೆ ಸಾಕಾಗುತ್ತಿತ್ತು. ಆ ಉಪ್ಪು ಪ್ರಿಂಟಿನಲ್ಲೇ ಉಳಿದರೆ ಮಾತ್ರ ಚಿತ್ರಕ್ಕೆ ಕೇಡು. ಲವಣದ ಅಯಾನುಗಳು ನಾರಿಗೂ ಜೆಲಟಿನ್‌ಗೂ ಅಂಟಿದ ಥಯೋಸಲ್ಫೇಟನ್ನು ಪಕ್ಕಕ್ಕೆ ತಳ್ಳಿ ತಾವು ಆ ಜಾಗ ಹಿಡಿಯುತ್ತವೆ, ಆಮೇಲೆ ತಾವೇ ಸುಲಭವಾಗಿ ಕರಗಿ ಹೋಗುತ್ತವೆ. ಈ ಕೆಲಸಕ್ಕೆ ಸೋಡಿಯಂ ಸಲ್ಫೈಟ್ ಬಲು ಯೋಗ್ಯವೆಂದು ಗೊತ್ತಾಗಿ ಕೊಡ್ಯಾಕ್ ಅದನ್ನೇ ಹೈಪೋ ಕ್ಲಿಯರಿಂಗ್ ಏಜೆಂಟ್ ಎಂದು ಪೊಟ್ಟಣ ಕಟ್ಟಿ ಮಾರಿತು. ದಪ್ಪ ಫೈಬರ್ ಕಾಗದಕ್ಕೆ ಎರಡು ಗಂಟೆ ತೊಳೆಯಬೇಕೆಂದಿದ್ದ ಕಡೆ, ಈ ದ್ರಾವಣದಲ್ಲಿ ಮೂರು ನಿಮಿಷ ಇಟ್ಟ ಮೇಲೆ ಇಪ್ಪತ್ತು ನಿಮಿಷ ತೊಳೆದರೆ ಸಾಕು ಎಂದು ಹೇಳಿತು. ಪೊಟ್ಟಣವೇ ಬೇಕೆಂದಿಲ್ಲ. ಒಂದು ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಕರಗಿಸಿದರೆ ಕೆಲಸ ನಡೆಯುತ್ತದೆ. ಅಷ್ಟೇ ಖರ್ಚು. ಕಲಸಿದ್ದನ್ನು ಬಹಳ ದಿನ ಇಡಬಾರದು, ಆ ದಿನದ್ದು ಆ ದಿನಕ್ಕೆ.

ಫಿಕ್ಸರ್ ಕಡೆಯಿಂದಲೂ ತೊಳೆಯುವ ಹೊರೆ ಇಳಿಸಬಹುದು, ಇದನ್ನು ತೋರಿಸಿಕೊಟ್ಟದ್ದು ಇಲ್‌ಫೋರ್ಡ್. ಕಾಗದ ಫಿಕ್ಸರಿನಲ್ಲಿ ಹತ್ತು ನಿಮಿಷ ಬಿದ್ದಿದ್ದರೆ ಹೈಪೋ ನಾರಿನ ಒಡಲಿಗೇ ಇಳಿಯುತ್ತದೆ. ಗಟ್ಟಿಯಾಗಿ ಕಲಸಿದ ಅಮೋನಿಯಂ ಫಿಕ್ಸರಿನಲ್ಲಿ, ಒಂದು ಪಾಲಿಗೆ ನಾಲ್ಕು ಪಾಲು ನೀರು, ಎಮಲ್ಷನ್‌ನ ಕೆಲಸ 60 ಸೆಕೆಂಡಿನಲ್ಲಿ ಮುಗಿಯುತ್ತದೆ. ನಾರು ಹೆಚ್ಚು ಹೀರಿಕೊಳ್ಳುವ ಮೊದಲೇ ಪ್ರಿಂಟ್ ಹೊರಗೆ. ಆಮೇಲೆ ಐದು ನಿಮಿಷ ನೀರು, ಹತ್ತು ನಿಮಿಷ ಕ್ಲಿಯರಿಂಗ್ ದ್ರಾವಣ, ಮತ್ತೆ ಐದು ನಿಮಿಷ ನೀರು. ಎಲ್ಲ ಸೇರಿ ಅರ್ಧ ಗಂಟೆಯೊಳಗೆ ಮುಗಿಯುವ ಈ ಕ್ರಮವನ್ನು ಆ ಕಾಗದ ತಯಾರಿಸುವವರೇ ದೀರ್ಘಕಾಲ ಬಾಳುವ ಪ್ರಿಂಟಿಗೆಂದು ಹೇಳಿದ್ದಾರೆ. ಇದಕ್ಕೆ ಶಿಸ್ತು ಬೇಕು, ಒಪ್ಪುತ್ತೇನೆ. ಟ್ರೇ ಅಲ್ಲಾಡಿಸುತ್ತಲೇ ಇರಬೇಕು, ಫಿಕ್ಸರ್ ತಾಜಾ ಇರಬೇಕು. ಅದು ಆಗದವರು ಎರಡು ಟ್ರೇ ಕ್ರಮಕ್ಕೆ ಹೋಗಲಿ, ತಪ್ಪಿಲ್ಲ. ಇನ್ನೊಂದು ಮಾತು: ಗಟ್ಟಿಗೊಳಿಸುವ ಆಲಂ, ಅಂದರೆ ಪಟಿಕ, ಬೆರೆಸಿದ ಫಿಕ್ಸರ್ ಹೈಪೋ ಬಿಡದಂತೆ ಮಾಡುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಜೆಲಟಿನ್ ಉಬ್ಬಿ ಮೆತ್ತಗಾಗುವ ಭಯದಿಂದ ಹಿಂದೆ ಅದನ್ನು ಹಾಕುತ್ತಿದ್ದರು, ಅದಕ್ಕೊಂದು ಕಾರಣವಿತ್ತು. ಬೆಂಗಳೂರು, ಮೈಸೂರಿನ ಹವೆಯಲ್ಲಿ ಕೈಯಲ್ಲಿ ಮಾಡುವ ಪ್ರಿಂಟಿಗೆ ಅದರ ಅಗತ್ಯವೇ ಇಲ್ಲ.

ಹಿರಿಯರ ಕಡೆಯ ವಾದವೊಂದಿದೆ. ಅದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ನಮ್ಮ ಗುರುಗಳು ಬಾವಿ ನೀರಿನಲ್ಲಿ, ನಲ್ಲಿ ನೀರಿನಲ್ಲಿ ಗಂಟೆಗಟ್ಟಲೆ ತೊಳೆದ ಪ್ರಿಂಟ್‌ಗಳು ಐವತ್ತು ಅರವತ್ತು ವರ್ಷ ಕಳೆದರೂ ಹೊಳೆಯುತ್ತಿವೆ, ಇದಕ್ಕಿಂತ ಪ್ರಮಾಣ ಬೇಕೇ ಎಂದು ಅವರು ಕೇಳುತ್ತಾರೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು, ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ಪತ್ರಿಕಾ ಛಾಯಾಗ್ರಾಹಕರು ಬಾಳಿದ ನಾಡು ಇದು. ಕಪ್ಪು–ಬಿಳುಪಿನ ಹಿರಿಮೆ ಗೊತ್ತಿಲ್ಲದ ನಾಡಲ್ಲ. ಆದರೆ ಉಳಿದ ಪ್ರಿಂಟ್‌ಗಳನ್ನಷ್ಟೇ ಮುಂದಿಟ್ಟುಕೊಂಡು ಲೆಕ್ಕ ಮಾಡಿದರೆ ಅದು ಲೆಕ್ಕವಾಗುವುದಿಲ್ಲ. ಹಳದಿಯಾದವು, ಮಸುಕಾದವು ಗೋಡೆಯಿಂದ ಇಳಿದು, ಟ್ರಂಕು ಸೇರಿ, ಕೊನೆಗೆ ಕಸಕ್ಕೆ ಹೋಗಿವೆ. ಅವೂ ಅದೇ ನಲ್ಲಿಯ ಕೆಳಗೆ ಅಷ್ಟೇ ಹೊತ್ತು ತೊಳೆದವೇ. ಉಳಿದವುಗಳ ಹಿಂದೆ ಹುಡುಕಿದರೆ ಹೊಸ ಹೈಪೋ ಕಲಸುವುದರಲ್ಲಿ ಜಿಪುಣತನ ಮಾಡದ ಒಬ್ಬ ಕೆಲಸಗಾರ ಸಿಗುತ್ತಾನೆ. ಅವನ ಆ ಗುಣವನ್ನು ನಾವು ಕಲಿಯಲಿಲ್ಲ. ಅವನ ನಲ್ಲಿಯನ್ನು ಕಲಿತೆವು.

ಈ ಪ್ರಶ್ನೆ ನಮ್ಮ ಕಾಲದ್ದೂ ಅಲ್ಲ. 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ, ಚಿತ್ರಗಳು ಯಾಕೆ ಮಾಸುತ್ತಿವೆ ಎಂದು ವಿಚಾರಿಸಲು ಒಂದು ಸಮಿತಿ ಮಾಡಿತು. ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ ಅದಕ್ಕೆ 50 ಪೌಂಡ್ ಕೊಟ್ಟ. ಸಮಿತಿ ಸರಿಯಾಗಿ ತೊಳೆಯದೆ ಉಳಿದ ಹೈಪೋವನ್ನು ದೂರಿತು. ಅಷ್ಟಕ್ಕೇ ನಿಲ್ಲಲಿಲ್ಲ. ಬಳಸಿ ಬಳಸಿ ಹಳಸಿದ ಹೈಪೋದಲ್ಲಿ ಹುಟ್ಟುವ ಗಂಧಕವನ್ನೂ, ತೇವವನ್ನೂ, ನಗರದ ಗಂಧಕದ ಹವೆಯನ್ನೂ ಎತ್ತಿ ಹೇಳಿತು. ಅಂದರೆ 170 ವರ್ಷಗಳ ಹಿಂದೆಯೇ ಬೆರಳು ಫಿಕ್ಸರ್ ಟ್ರೇಯ ಕಡೆಗೂ ತಿರುಗಿತ್ತು. ಜನ ಮೊದಲ ಕಾರಣವನ್ನು ಹಿಡಿದುಕೊಂಡು ಮಿಕ್ಕವನ್ನು ಮರೆತರು.

ನಲ್ಲಿಯ ನಂಬಿಕೆ ಮಾಡುವ ಅತಿ ದೊಡ್ಡ ಹಾನಿಯೆಂದರೆ, ಅದು ಪರೀಕ್ಷೆಯ ಅಭ್ಯಾಸವನ್ನೇ ಕೊಂದಿದೆ. ಒಂದು ಗಂಟೆ ತೊಳೆದವನಿಗೆ ಪರೀಕ್ಷೆ ಯಾಕೆ ಬೇಕು? ಕೆಲವರು ಪ್ರಿಂಟಿನಿಂದ ತೊಟ್ಟಿಕ್ಕುವ ನೀರನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣಕ್ಕೆ ಬಿಟ್ಟು, ನೇರಳೆ ಬಣ್ಣ ಉಳಿದರೆ ಗೆದ್ದೆವು ಎನ್ನುತ್ತಾರೆ. ಆ ಪರೀಕ್ಷೆ ತೊಟ್ಟಿಕ್ಕಿದ ನೀರಿನ ಬಗ್ಗೆ ಹೇಳುತ್ತದೆ, ನಾರಿನೊಳಗೆ ಕೂತ ಹೈಪೋ ಬಗ್ಗೆ ಏನೂ ಹೇಳುವುದಿಲ್ಲ. ಫೈಬರ್ ಕಾಗದದಲ್ಲಿ ಮೋಸ ಹೋಗುವುದೇ ಇಲ್ಲಿ.

ಪ್ರಿಂಟಿನ ಮೇಲೆಯೇ ಮಾಡುವ ಎರಡು ಪರೀಕ್ಷೆಗಳಿವೆ, ಎರಡೂ ಅಂಚಿನ ಬಿಳಿಯ ಮೇಲೆ ಒಂದು ಹನಿಯ ಕೆಲಸ. ಹೈಪೋ ಉಳಿದಿದೆಯೇ ಎಂದು ನೋಡಲು ಸಿಲ್ವರ್ ನೈಟ್ರೇಟ್ ದ್ರಾವಣ. ಕೊಡ್ಯಾಕ್‌ನ ಎಚ್‌ಟಿ–2 ಸೂತ್ರದಲ್ಲಿ 750 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 28 ಶೇಕಡಾ ಅಸಿಟಿಕ್ ಆಮ್ಲ 125 ಮಿಲಿಲೀಟರ್, ಸಿಲ್ವರ್ ನೈಟ್ರೇಟ್ 7.5 ಗ್ರಾಂ ಹಾಕಿ ಒಂದು ಲೀಟರಿಗೆ ತರಬೇಕು. ಎರಡು ನಿಮಿಷ ಬಿಟ್ಟು ನೋಡಿದರೆ ಹೈಪೋ ಇದ್ದಲ್ಲಿ ಕಂದು ಕಲೆ. ಕಲೆ ಎಷ್ಟು ಕಡು, ಹೈಪೋ ಅಷ್ಟು ಹೆಚ್ಚು. ಬೆಳ್ಳಿಯ ಸಂಯುಕ್ತ ಉಳಿದಿದೆಯೇ ಎಂದು ನೋಡಲು ತೆಳುವಾದ ಸೋಡಿಯಂ ಸಲ್ಫೈಡ್ ದ್ರಾವಣ. ಹನಿ ಬಿದ್ದ ಜಾಗದಲ್ಲಿ ಕೆನೆಗಿಂತ ಗಾಢವಾದ ಬಣ್ಣ ಬಂದರೆ ಫಿಕ್ಸಿಂಗ್ ಸಾಲದು ಎಂದರ್ಥ. ಸಲ್ಫೈಡ್ ಕೆಟ್ಟ ವಾಸನೆಯದು, ಕಾಗದದ ಪೆಟ್ಟಿಗೆಗಳಿಂದ ದೂರವಿಡಬೇಕು, ಆಮ್ಲದ ಹತ್ತಿರಕ್ಕೂ ಸುಳಿಸಬಾರದು, ವಿಷಾನಿಲ ಬರುತ್ತದೆ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ, ಕಂದು ಬಾಟಲಿಯಲ್ಲಿಡಬೇಕು. ಈ ಪರೀಕ್ಷೆಗಳು ಪ್ರಯೋಗಾಲಯದ ನಿಖರತೆಯವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ನಲ್ಲಿ ಮತ್ತು ಗಡಿಯಾರಕ್ಕೆ ಯಾವ ನಿಖರತೆಯಿದೆ? ಒಂದು ಸಲ ನಿಮ್ಮ ಕಾಗದ, ನಿಮ್ಮ ನೀರು, ನಿಮ್ಮ ಕ್ರಮವನ್ನು ಈ ಹನಿಗಳಿಂದ ಒರೆಹಚ್ಚಿದರೆ ಆಮೇಲೆ ಪ್ರತಿ ಪ್ರಿಂಟಿಗೂ ಬೇಕಾಗುವುದಿಲ್ಲ.

ಹೆಚ್ಚು ತೊಳೆದರೆ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದಲ್ಲ ಎನ್ನುವವರಿಗೆ: ಆಗುತ್ತದೆ. ಫೈಬರ್ ಕಾಗದದ ಬಿಳುಪು ಹೆಚ್ಚಿಸಲು ಸೇರಿಸಿದ ವಸ್ತು ಬಹಳ ಹೊತ್ತಿನ ನೀರಿನಲ್ಲಿ ಕರಗಿಹೋಗಿ ಬಿಳಿ ಮಂಕಾಗುತ್ತದೆ. ಬೇಸಿಗೆಯ ಬೆಚ್ಚಗಿನ ನೀರಿನಲ್ಲಿ ಜೆಲಟಿನ್ ಮೆತ್ತಗಾಗಿ ಬೆರಳು ತಾಗಿದರೆ ಗೀರು. ಆರ್‌ಸಿ ಕಾಗದದ ಎರಡೂ ಬದಿಗೆ ಪ್ಲಾಸ್ಟಿಕ್ ಪದರವಿದ್ದು ಒಳಗಿನ ನಾರಿಗೆ ಹೈಪೋ ಇಳಿಯುವುದೇ ಇಲ್ಲ, ಎರಡು ನಿಮಿಷದ ತೊಳೆತ ಅದಕ್ಕೆ ಸಾಕು. ಅದನ್ನೂ ಗಂಟೆಗಟ್ಟಲೆ ನೀರಲ್ಲಿ ಬಿಟ್ಟರೆ ಕತ್ತರಿಸಿದ ಅಂಚಿನಿಂದ ನೀರು ಒಳನುಗ್ಗಿ ಪದರ ಬಿಡುತ್ತದೆ, ಅಂಚು ಸುರುಳಿಯಾಗುತ್ತದೆ. ಫೈಬರ್‌ಗೆ ಹೇಳಿದ ನಿಯಮವನ್ನು ಆರ್‌ಸಿಗೂ ಹಚ್ಚುವುದು ಹೆಚ್ಚಿನ ಶಿಬಿರಗಳಲ್ಲಿ ಇಂದಿಗೂ ನಡೆದಿದೆ.

ಹೈಪೋ ಒಂದು ಕಣವೂ ಉಳಿಯಬಾರದು ಎಂಬ ಹಟವೂ ಇದೇ ನಂಬಿಕೆಯ ಮಗು. ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯ ಸೇರಿಸಿದ ಎಚ್‌ಇ–1 ಎಂಬ ದ್ರಾವಣದಿಂದ ಕೊನೆಯ ಹೈಪೋವನ್ನೂ ನಾಶಮಾಡುವ ಕ್ರಮವನ್ನು ಕೊಡ್ಯಾಕ್ ಒಂದು ಕಾಲಕ್ಕೆ ಹೇಳುತ್ತಿತ್ತು. ಮುಂದೆ ತಿಳಿದದ್ದು ಬೇರೆ. ಹವೆಯಲ್ಲಿರುವ ಆಕ್ಸಿಡೀಕರಿಸುವ ಅನಿಲಗಳು, ಹೊಸ ಬಣ್ಣ ಬಳಿದ ಗೋಡೆಯ ಆವಿ, ಓಜೋನ್, ವಾಹನದ ಹೊಗೆ, ಬರಿಮೈಯ ಬೆಳ್ಳಿಯ ಮೇಲೆ ದಾಳಿ ಮಾಡುತ್ತವೆ. ಅತಿ ಸ್ವಲ್ಪ ಗಂಧಕ ಸೇರಿದ ಬೆಳ್ಳಿ ಈ ದಾಳಿಯನ್ನು ಹೆಚ್ಚು ತಾಳುತ್ತದೆ. ಅದಕ್ಕೇ ಸಂಗ್ರಹಾಲಯಗಳ ಕಡೆಯವರು ಇಂದು ಸೊನ್ನೆ ಹೈಪೋ ಬೇಕೆನ್ನುವುದಿಲ್ಲ, ಮಿತಿಯೊಳಗಿನ ಹೈಪೋ, ಅದರ ಮೇಲೆ ಸೆಲೆನಿಯಂ ಅಥವಾ ಗಂಧಕದ ಟೋನಿಂಗ್ ಎನ್ನುತ್ತಾರೆ. ಟೋನರ್ ಬೆಳ್ಳಿಯನ್ನು ಹೆಚ್ಚು ಗಟ್ಟಿ ಸಂಯುಕ್ತವಾಗಿಸುತ್ತದೆ. ಮೂರು ಗಂಟೆ ಸುರಿಸಿದ ನೀರು ಕೊಡಲಾರದ ರಕ್ಷಣೆಯನ್ನು ಕೆಲವೇ ನಿಮಿಷದ ಟೋನಿಂಗ್ ಕೊಡುತ್ತದೆ.

ಈಗ ನೀರಿನ ನಷ್ಟದ ಮಾತು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪು ಮಾಡಿಸಿಕೊಂಡು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಜನ ಪರದಾಡುವಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಸರಕಾರಿ ಮಾನದಂಡ. ನಲ್ಲಿಯ ಕೆಳಗಿನ ಆ ಒಂದು ಗಂಟೆ ಎರಡೂವರೆಗಿಂತ ಹೆಚ್ಚು ಜನರ ಇಡೀ ದಿನದ ನೀರನ್ನು ಚರಂಡಿಗೆ ಬಿಡುತ್ತದೆ. ಅಷ್ಟು ಬಿಟ್ಟು ಪ್ರಿಂಟಾದರೂ ಗಟ್ಟಿಯಾಗಿದ್ದರೆ ವಾದಿಸಬಹುದಿತ್ತು. ಅದೂ ಇಲ್ಲ. ಈ ನಗರದಲ್ಲಿ ಕೂತು ಅದನ್ನು ಕಲೆಯ ಶುದ್ಧಿ ಎಂದು ಹೊಗಳುವುದನ್ನು ನಾನು ಒಪ್ಪಲಾರೆ.

ಬೋರ್‌ವೆಲ್ ನೀರು ಗಡಸು, ಅದರಲ್ಲಿ ತೊಳೆದರೆ ಪ್ರಿಂಟ್ ಕೆಡುತ್ತದೆ ಎಂದು ಹೆದರುವವರಿಗೆ ಒಂದು ಸಮಾಧಾನ. ತುಸು ಲವಣವಿರುವ ನೀರು ಹೈಪೋ ಬಿಡಿಸುವುದರಲ್ಲಿ ಮೆದು ನೀರಿಗಿಂತ ಹಿಂದೆ ಬೀಳುವುದಿಲ್ಲ, ಸಮುದ್ರದ ಸಾಕ್ಷಿ ಹೇಳುವುದೂ ಅದನ್ನೇ. ಒಣಗಿದ ಮೇಲೆ ಬಿಳಿ ಕಲೆ ನಿಲ್ಲದಂತೆ ಕೊನೆಯ ಒಂದು ಬದಲಾವಣೆಯನ್ನು ಮಾತ್ರ ಫಿಲ್ಟರ್ ನೀರಿನಲ್ಲಿ ಮಾಡಿಕೊಳ್ಳಲಿ.

ಕಳೆದ ಕೆಲವು ವರ್ಷಗಳಲ್ಲಿ ಶಿಬಿರಗಳಲ್ಲಿ, ಮನೆಯ ಸ್ನಾನದ ಕೋಣೆಗಳಲ್ಲಿ ಹುಟ್ಟಿದ ನೂರಾರು ಪ್ರಿಂಟ್‌ಗಳು ಈಗ ಎಲ್ಲೆಲ್ಲೋ ಇವೆ. ಅವು ಇನ್ನೂ ಹಳದಿಯಾಗಿಲ್ಲ. ಅವುಗಳ ಸತ್ತ ಫಿಕ್ಸರಿನ ಕತೆ ಹೊರಗೆ ಬರಲು ಇನ್ನೂ ಹೊತ್ತಿದೆ. ಅವುಗಳನ್ನು ಮಾಡಿದವರು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುವುದಿಷ್ಟು: ಅಂಚಿನ ಮೇಲೆ ಸಲ್ಫೈಡಿನ ಒಂದು ಹನಿ ಬಿಟ್ಟು ನೋಡಿ. ಕಲೆ ಬಂದರೆ ಆ ಅಂಚು ಕತ್ತರಿಸಿ ತೆಗೆದು, ಪ್ರಿಂಟನ್ನು ಮೊದಲು ಬರಿ ನೀರಿನಲ್ಲಿ ನೆನೆಸಿ, ತಾಜಾ ಫಿಕ್ಸರಿನಲ್ಲಿ ಮತ್ತೊಮ್ಮೆ ಹಾಯಿಸಿ, ಸಲ್ಫೈಟಿನಲ್ಲಿ ಇಟ್ಟು, ನೀರು ಬದಲಿಸುತ್ತ ತೊಳೆಯಿರಿ. ಅಪ್ಪ ಅಜ್ಜಂದಿರ ಕಾಲದ ಪ್ರಿಂಟ್‌ಗಳ ಮೇಲೆ ಈ ಪ್ರಯೋಗ ಬೇಡ, ಅವನ್ನು ಸಂರಕ್ಷಣೆ ಬಲ್ಲವರ ಹತ್ತಿರ ಒಯ್ಯಿರಿ. ನೀವೇ ಮಾಡಿದವುಗಳಿಗೆ ಮಾತ್ರ ಈ ಮರುಫಿಕ್ಸಿಂಗ್, ಅದೂ ಕಲೆ ಕಣ್ಣಿಗೆ ಕಾಣುವ ಮೊದಲು. ಒಮ್ಮೆ ಸಲ್ಫೈಡ್ ಆಗಿ ಕಂದು ಬಂದದ್ದನ್ನು ಫಿಕ್ಸರ್ ತೆಗೆಯುವುದಿಲ್ಲ, ನೀರಂತೂ ತೆಗೆಯುವುದೇ ಇಲ್ಲ.